ಅರ್ಜುನನ ಉತ್ತರ ತಪ್ಪಾಗುವ ಪಾಠಶಾಲೆ

ಮಾರ್ಗಶಿರದ ಬೆಳಗು. ನಾಸಿಕದ ಸುತ್ತಣ ಗುಡ್ಡಗಳ ಮೇಲಿನ ಮಂಜು ಇನ್ನೂ ಪೂರ್ತಿಯಾಗಿ ಕರಗದೆ, ದ್ರಾಕ್ಷಿತೋಟಗಳ ಅಂಚಿನಲ್ಲಿ ಬಿಸಿಲು ಆಗತಾನೆ ಕಾಲೂರುತ್ತಿರುವ ಹೊತ್ತಿನಲ್ಲಿ, ಊರ ಹೊರಗಿನ ಮೈದಾನವೊಂದರ ಕೊನೆಗೆ ಎತ್ತಿ ಕಟ್ಟಿದ ಮಣ್ಣಿನ ದಿಬ್ಬಕ್ಕೆ ಎದುರಾಗಿ, ಹತ್ತು ಮಂದಿ ಹುಡುಗರು ಟಾರ್ಪಾಲಿನ ಮೇಲೆ ಬೋರಲಾಗಿ ಮಲಗಿದ್ದಾರೆ. ಒಬ್ಬೊಬ್ಬನ ಭುಜಕ್ಕೂ ಒಂದೊಂದು ಪಾಯಿಂಟ್ ಟೂ ಟೂ ರೈಫಲು. 25 ಗಜದಾಚೆ ಹಲಗೆಗೆ ಅಂಟಿಸಿದ ಒಂದೊಂದು ಕಾಗದ. ಬೆನ್ನ ಹಿಂದೆ ನಿಂತ ಉಸ್ತಾದರು ಗಂಟಲೆತ್ತಿ ಆಜ್ಞೆ ಕೊಡುತ್ತಾರೆ: ಶಿಸ್ತ್ ಹಿಡಿಯಬೇಕು, ಉಸಿರು ಬಿಗಿಹಿಡಿಯಬೇಕು, ಬೆರಳನ್ನು ಮೆಲ್ಲನೆ ಒತ್ತಬೇಕು.

ಪಟಪಟನೆ ಸದ್ದಾಗುತ್ತದೆ. ಐದೈದು ಗುಂಡುಗಳು ಮುಗಿಯುವುದಕ್ಕೆ ಎರಡು ನಿಮಿಷವೂ ಹಿಡಿಯುವುದಿಲ್ಲ. ಕಾಗದಗಳು ಬರುತ್ತವೆ, ರಂಧ್ರಗಳನ್ನು ಎಣಿಸುತ್ತಾರೆ, ವಹಿಯಲ್ಲಿ ಅಂಕೆ ಬರೆದುಕೊಳ್ಳುತ್ತಾರೆ. ‘ಎರಡು ತಾಗಿವೆ, ಮೂರು ಹೋಗಿವೆ; ಎದ್ದೇಳು, ಮುಂದಿನವನು ಬರಲಿ.’ ಪಾಠ ಮುಗಿಯಿತು.

ಈ ದೃಶ್ಯ ನಾಸಿಕಕ್ಕೆ ಮಾತ್ರ ಸೇರಿದುದಲ್ಲ. ನಮ್ಮ ಕಾಲೇಜಿನ ಎನ್.ಸಿ.ಸಿ. ಶಿಬಿರದಲ್ಲಿ ಈ ಲೇಖಕನೂ ಹೀಗೆಯೇ ಐದು ಗುಂಡು ಹಾರಿಸಿ, ಒಂದೂ ಕಾಗದಕ್ಕೆ ತಾಗದೆ, ಅದೇಕೆ ತಾಗಲಿಲ್ಲವೆಂಬುದನ್ನು ಯಾರೂ ಹೇಳದೆ, ಕೇಳುವುದಕ್ಕೆ ತನಗೂ ಧೈರ್ಯ ಸಾಲದೆ, ಮೊಣಕೈಗೆ ಮೆತ್ತಿದ ಕೆಮ್ಮಣ್ಣನ್ನು ಒರಸಿಕೊಂಡು ಸಾಲಿನ ಹಿಂದಕ್ಕೆ ಹೋದವನು. ಆ ದಿನ ನಡೆದದ್ದು ಪರೀಕ್ಷೆಯೇ ಹೊರತು ಬೋಧನೆಯಲ್ಲವೆಂಬುದು ಅರ್ಥವಾದದ್ದು ಬಹು ವರ್ಷಗಳ ಮೇಲೆ.

ಗೋದಾವರಿಯ ಸೀಮೆಯಲ್ಲಿ

ನಾಸಿಕವನ್ನೂ, 2023ರವರೆಗೆ ಔರಂಗಾಬಾದೆಂದು ಕರೆಯಿಸಿಕೊಳ್ಳುತ್ತಿದ್ದ ಛತ್ರಪತಿ ಸಂಭಾಜಿನಗರವನ್ನೂ ಕನ್ನಡಿಗನು ಪರಸ್ಥಳವೆಂದು ಎಣಿಸಬೇಕಾಗಿಲ್ಲ. ಕವಿರಾಜಮಾರ್ಗಕಾರನು ನಮ್ಮ ನಾಡಿನ ಉತ್ತರದ ಮೇರೆಯೆಂದು ಹೇಳಿದ ಗೋದಾವರಿ ಹುಟ್ಟುವುದು ನಾಸಿಕದ ನೆರೆಯ ತ್ರ್ಯಂಬಕದಲ್ಲಿ. ರಾಷ್ಟ್ರಕೂಟರ ಕೈಲಾಸವಿರುವ ಎಲ್ಲೋರ ಸಂಭಾಜಿನಗರದ ಬಗಲಲ್ಲಿ. ಆ ಜಿಲ್ಲೆಯಲ್ಲಿ ‘ಕನ್ನಡ’ ಎಂಬ ಹೆಸರಿನದೇ ಒಂದು ತಾಲ್ಲೂಕು ಕೇಂದ್ರವುಂಟು. ಬಸ್ಸಿನ ಹಲಗೆಯ ಮೇಲೆ ಅದನ್ನು ಓದಿ ಬೆರಗಾಗದ ಕನ್ನಡ ಯಾತ್ರಿಕನಿಲ್ಲ.

ಶಸ್ತ್ರವಿದ್ಯೆಯ ಬೋಧನೆಗೆ ಈ ಎರಡು ಊರುಗಳೂ ಹಳೆಯ ನೆಲೆಗಳು. 1906ರಲ್ಲಿ ಪುಣೆಯ ಭಾಂಬುರ್ಡೆಯಲ್ಲಿ ಆರಂಭವಾದ ಪೊಲೀಸ್ ತರಬೇತಿ ಶಾಲೆ 1909ರಲ್ಲಿ ನಾಸಿಕಕ್ಕೆ ಬಂದು, ಇಂದು ಮಹಾರಾಷ್ಟ್ರ ಪೊಲೀಸ್ ಅಕಾಡೆಮಿಯಾಗಿ ತ್ರ್ಯಂಬಕ ರಸ್ತೆಯಲ್ಲಿ ನಿಂತಿದೆ. ನೆರೆಯ ದೇವಳಾಲಿಯಲ್ಲಿ ಸೈನ್ಯದ ಫಿರಂಗಿ ಶಾಲೆಯಿದೆ. ತೋಪಿನ ಮಾತು ಇಲ್ಲಿ ನಮಗೆ ಬೇಡ.

1937ರಲ್ಲಿ ಡಾಕ್ಟರ್ ಬಿ. ಎಸ್. ಮೂಂಜೆಯವರು ನಾಸಿಕದಲ್ಲಿ ಭೋಸಲಾ ಮಿಲಿಟರಿ ಶಾಲೆಯನ್ನು ಸ್ಥಾಪಿಸಿದರು. 1931ರಲ್ಲಿ ಇಟಲಿಗೆ ಹೋಗಿ ಮುಸೊಲಿನಿಯನ್ನು ಕಂಡು, ಅಲ್ಲಿಯ ಬಾಲಕರ ಸೈನಿಕ ಶಿಕ್ಷಣವನ್ನು ಮೆಚ್ಚಿ ಬಂದವರು ಅವರು. ಆ ಮೆಚ್ಚುಗೆಯಲ್ಲಿ ನಾನು ಪಾಲುಗಾರನಾಗಲಾರೆನಾದರೂ, ಬಂದೂಕಿನ ವಿದ್ಯೆಯನ್ನು ಶಾಲೆಯ ಅಂಗಳಕ್ಕೆ ತಂದವರಲ್ಲಿ ಅವರೂ ಒಬ್ಬರೆಂಬುದನ್ನು ಮರೆಯಲಾಗದು. ಸಂಭಾಜಿನಗರದಲ್ಲಿ 1977ರಿಂದ, ಹತ್ತನೆಯ ತರಗತಿ ದಾಟಿದ ಹುಡುಗರನ್ನು ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಅಣಿಗೊಳಿಸುವ ಸರ್ಕಾರಿ ಸಂಸ್ಥೆಯೊಂದು ನಡೆಯುತ್ತಿದೆ. 2022ರಲ್ಲಿ ಆ ಅಕಾಡೆಮಿ ಹೆಣ್ಣುಮಕ್ಕಳಿಗೆ ತೆರೆದ ಮೇಲೆ, ಅದೇ ಮಾದರಿಯ ಬಾಲಕಿಯರ ಸಂಸ್ಥೆ ನಾಸಿಕದಲ್ಲಿ 2023ರಲ್ಲಿ ಪ್ರಾರಂಭವಾಯಿತು.

ಇವುಗಳಲ್ಲಿ ಯಾವುದರಿಂದ ಹೊರಟರೂ ಮಗುವಿಗೋ ಯುವಕನಿಗೋ ಒಂದಲ್ಲ ಒಂದು ದಿನ ಬಂದೂಕು ಕೈಗೆ ಬರುತ್ತದೆ. ಆ ದಿನ ಅವನಿಗೆ ಏನನ್ನು, ಯಾವ ಕ್ರಮದಲ್ಲಿ ಕಲಿಸಬೇಕೆಂಬುದೇ ಪ್ರಶ್ನೆ.

ಹೆಬ್ಬೆರಳಿನಿಂದ ಹುಟ್ಟಿದ ಮಾತು

ಉಸ್ತಾದರ ಆಜ್ಞೆಯಲ್ಲಿದ್ದ ‘ಶಿಸ್ತ್’ ಎಂಬ ಪದವನ್ನು ಕೇಳಿದ ಕನ್ನಡದ ಹುಡುಗನು, ಮೈ ನೆಟ್ಟಗೆ ಮಾಡಿಕೊಳ್ಳಬೇಕೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಸೈನ್ಯದ ಹಿಂದಿಯಲ್ಲಿ ಅದಕ್ಕೆ ಗುರಿ ಹಿಡಿಯುವುದೆಂದು ಅರ್ಥ. ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಅದೇ ಪದ ‘ಶಿಸ್ತು’ ಆಗಿ, ಕ್ರಮಬದ್ಧವಾದ ನಡತೆಯನ್ನು ಸೂಚಿಸುತ್ತದೆ. ಮೂಲದಲ್ಲಿ ಪಾರಸಿಯ ‘ಶಸ್ತ್’ ಎಂದರೆ ಹೆಬ್ಬೆರಳು, ಬಿಲ್ಲಾಳು ಹೆದೆಯೆಳೆಯಲು ಹೆಬ್ಬೆರಳಿಗೆ ತೊಡುವ ಉಂಗುರ; ಅದರಿಂದ ಗುರಿಯೆಂಬ ಅರ್ಥ ಬಂತು, ಗುರಿಯಿಂದ ನೇರವೂ, ನೇರದಿಂದ ನಡತೆಯೂ ಬಂದವು.

ಏಕಲವ್ಯನಿಂದ ದ್ರೋಣನು ಕೇಳಿದ್ದು ಆ ಹೆಬ್ಬೆರಳನ್ನೇ ಅಲ್ಲವೆ! ಶಬ್ದದ ಇತಿಹಾಸ ಎಷ್ಟೋ ಸಲ ಪುರಾಣಕ್ಕೆ ಅಡಿಟಿಪ್ಪಣಿ ಬರೆಯುತ್ತದೆ.

ಇದು ಬರಿಯ ಶಬ್ದವಿನೋದವಲ್ಲ. ಗುರಿಯ ಬೋಧನೆ ನಡತೆಯ ಬೋಧನೆಯಾಗಿ ಮಾರ್ಪಟ್ಟದ್ದು ಪದದಲ್ಲಿ ಮಾತ್ರವಲ್ಲ, ಮೈದಾನದಲ್ಲಿಯೂ ಹೌದು. ಸಾಲು, ಆಜ್ಞೆ, ಗದರಿಕೆ, ಒಂದೇ ಕಾಲಕ್ಕೆ ಎಲ್ಲರೂ ಮಾಡಬೇಕಾದ ಒಂದೇ ಚಲನೆ, ಇವು ಕವಾಯತಿನ ಗುಣಗಳು. ಸುರಕ್ಷತೆಗೆ ಅವು ಅನಿವಾರ್ಯವೂ ಹೌದು. ಆದರೆ ಒಬ್ಬನ ಬೆರಳು ಟ್ರಿಗರನ್ನು ಹೇಗೆ ಒತ್ತುತ್ತಿದೆಯೆಂಬುದು ಅವನೊಬ್ಬನಿಗೇ ಸಂಬಂಧಿಸಿದ ವಿಷಯ. ಕವಾಯತಿನಿಂದ ಅದು ತಿದ್ದಿಕೊಳ್ಳುವುದಿಲ್ಲ.

ಕೋವಿ ಕಾಣದೆ ಬೆಳೆದವರು

ಇಂಗ್ಲೆಂಡಿನ ಹೈತ್ ಎಂಬಲ್ಲಿ ಬಂದೂಕು ಹೊಡೆಯುವುದನ್ನು ಕಲಿಸುವುದಕ್ಕೆಂದೇ 1853ರಲ್ಲಿ ಶಾಲೆಯೊಂದು ಏರ್ಪಟ್ಟಿತು. ಅದರ ಬೋಧನಕ್ರಮವೇ ಭಾರತದ ಸೈನ್ಯಕ್ಕೂ ಪೊಲೀಸಿಗೂ ಇಳಿದುಬಂದದ್ದು. ಆದರೆ 1878ರ ಆಯುಧ ಕಾಯಿದೆಯ ಮೂಲಕ ಜನಸಾಮಾನ್ಯರ ಕೈಯಿಂದ ಕೋವಿಯನ್ನು ತೆಗೆದದ್ದೂ ಅದೇ ಬ್ರಿಟಿಷ್ ಸರ್ಕಾರ. ಔರಂಗಾಬಾದಿನಲ್ಲಿ ಓದುತ್ತಿದ್ದ ಅನಂತ ಕಾನ್ಹೆರೆಯೆಂಬ ತರುಣ ನಾಸಿಕಕ್ಕೆ ಬಂದು, 1909ರ ಡಿಸೆಂಬರ್ 21ರ ರಾತ್ರಿ ನಾಟಕಶಾಲೆಯಲ್ಲಿ ಕಲೆಕ್ಟರ್ ಜ್ಯಾಕ್ಸನ್ನರನ್ನು ಪಿಸ್ತೂಲಿನಿಂದ ಕೊಂದಮೇಲಂತೂ, ಪ್ರಜೆಗಳ ಕೈಯ ಆಯುಧವೆಂದರೆ ಆಳುವವರಿಗಿದ್ದ ಅಂಜಿಕೆ ಇನ್ನಷ್ಟು ಬಲಿತಿತು.

ಈ ನಿಯಮಕ್ಕೆ ನಮ್ಮ ಕೊಡಗು ಒಂದು ಹೊರತು. 1861ರಿಂದಲೇ ಕೊಡವರಿಗೆ ದೊರೆತ ವಿನಾಯಿತಿ ಇಂದಿಗೂ ನಡೆದುಬಂದಿದೆ. ಭಾದ್ರಪದದ ಮಳೆ ತಗ್ಗುವ ಹೊತ್ತಿಗೆ ಬರುವ ಹಬ್ಬವಾದ ಕೈಲ್‌ಪೊಳ್ದಿನಲ್ಲಿ ಐನ್‌ಮನೆಯ ಕೋವಿಗಳನ್ನು ತೊಳೆದು, ಒರಸಿ, ಸಾಲಾಗಿಟ್ಟು, ಕಾಡಿನಿಂದ ತಂದ ಕೆಂಪು ಹಳದಿ ಬಣ್ಣದ ತೋಕ್‌ಪೂವನ್ನು ನಳಿಗೆಗೆ ಸಿಕ್ಕಿಸಿ ಪೂಜಿಸುತ್ತಾರೆ; ಆಮೇಲೆ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ಅಲ್ಲಿಯ ಮಗು ಕೋವಿಯ ಭಾರದ, ಸದ್ದಿನ ಭಯವನ್ನು ಅಜ್ಜನ ಪಕ್ಕದಲ್ಲಿ ನಿಂತೇ ಕಳೆದುಕೊಂಡಿರುತ್ತದೆ.

ಮಿಕ್ಕ ಕಡೆ ಹಾಗಿಲ್ಲ. ಪೊಲೀಸಿಗೆ ಸೇರಿದ ಹಳ್ಳಿಯ ತರುಣಿ, ಎನ್.ಸಿ.ಸಿ.ಗೆ ಸೇರಿದ ಪೇಟೆಯ ಹುಡುಗ ಕೋವಿಯನ್ನು ಮುಟ್ಟುವುದು ಶಿಬಿರದಲ್ಲಿಯೇ ಮೊದಲು. ಕಿವಿಯ ಪಕ್ಕದ ಸ್ಫೋಟಕ್ಕೂ ಭುಜಕ್ಕೆ ಬೀಳುವ ಒದೆತಕ್ಕೂ ಶರೀರ ತಾನಾಗಿಯೇ ಹೆದರುತ್ತದೆ. ಗುಂಡು ಹಾರುವ ಮೊದಲೇ ಕಣ್ಣು ಮುಚ್ಚುತ್ತದೆ, ಭುಜ ಕುಗ್ಗುತ್ತದೆ, ನಳಿಗೆ ತಗ್ಗುತ್ತದೆ. ಹೊಸಬರ ಗುಂಡುಗಳು ನೆಲಕ್ಕೆ ತಗುಲಿ ಧೂಳೆಬ್ಬಿಸುವುದಕ್ಕೆ ಮುಖ್ಯ ಕಾರಣ ಇದು. ಇಂಥವನನ್ನು ಗದರಿಸಿದರೆ ಭಯ ಎರಡಾಗುತ್ತದೆ: ಮುಂದೆ ಕೋವಿಯದು, ಹಿಂದೆ ಉಸ್ತಾದರದು.

ದ್ರೋಣನ ಪ್ರಶ್ನೆ

ನಮ್ಮಲ್ಲಿ ಗುರಿವಿದ್ಯೆಯ ಮಾತು ಬಂದಾಗಲೆಲ್ಲ ದ್ರೋಣನು ಮರದ ಮೇಲೆ ಹಕ್ಕಿಯ ಬೊಂಬೆಯನ್ನಿಟ್ಟು ಶಿಷ್ಯರನ್ನು ಪ್ರಶ್ನಿಸಿದ ಕಥೆಯನ್ನು ಹೇಳುವುದು ವಾಡಿಕೆ. ಮರ, ಕೊಂಬೆ, ಎಲೆ, ಗುರುಗಳು, ಅಣ್ಣತಮ್ಮಂದಿರು ಎಲ್ಲವೂ ಕಾಣುತ್ತವೆಂದವರು ಹಿಂದಕ್ಕೆ ಸರಿದರು. ಹಕ್ಕಿಯಲ್ಲದೆ ಬೇರೇನೂ ಕಾಣದೆಂದ ಅರ್ಜುನನು ಗೆದ್ದನು. ಕಥೆ ಸೊಗಸಾದುದು. ಆದರೆ ಬೋಧನೆಯ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಎರಡು ಕೊರತೆಗಳುಂಟು.

ಮೊದಲನೆಯದು, ಆಚಾರ್ಯನು ಆ ದಿನ ಯಾರಿಗೂ ಏನನ್ನೂ ಕಲಿಸಲಿಲ್ಲ. ಧರ್ಮರಾಯನಿಗೆ ಎಲೆಗಳು ಕಂಡದ್ದೇಕೆ, ಕಾಣದಂತೆ ನೋಡುವುದು ಹೇಗೆಂದು ತಿಳಿಸದೆ, ‘ದೂರ ಸರಿದು ನಿಲ್ಲು’ ಎಂದು ಕಳುಹಿಸಿಬಿಟ್ಟನು. ಅದು ಶಿಬಿರದ ‘ಮುಂದಿನವನು ಬರಲಿ’ ಎಂಬ ಮಾತಿನ ಪೂರ್ವಜ.

ಎರಡನೆಯದು ಇನ್ನೂ ಸ್ವಾರಸ್ಯವಾದುದು: ಸಾಧಾರಣ ರೈಫಲಿನ ತರಗತಿಯಲ್ಲಿ ಅರ್ಜುನನ ಉತ್ತರ ತಪ್ಪು. ರೈಫಲಿಗೆ ಕಣ್ಣಿನ ಬಳಿ ಬ್ಯಾಕ್‌ಸೈಟ್ ಎಂಬ ಕಚ್ಚೋ ರಂಧ್ರವೋ ಇರುತ್ತದೆ. ನಳಿಗೆಯ ತುದಿಯಲ್ಲಿ ಫೋರ್‌ಸೈಟ್ ಎಂಬ ಮೊನೆ. ಅದರಾಚೆ ಬಹುದೂರದಲ್ಲಿ ಗುರಿ. ಈ ಮೂರೂ ಒಂದೇ ಗೆರೆಗೆ ಬರಬೇಕು. ಆದರೆ ಮನುಷ್ಯನ ಕಣ್ಣು ಏಕಕಾಲದಲ್ಲಿ ಒಂದೇ ದೂರವನ್ನು ಸ್ಪಷ್ಟವಾಗಿ ಕಾಣಬಲ್ಲುದು. ಯಾವುದನ್ನು ಸ್ಪಷ್ಟವಾಗಿ ಕಾಣಬೇಕು?

ಗುರಿಯನ್ನೆಂದು ಯಾರಿಗಾದರೂ ತೋರುತ್ತದೆ. ಲೆಕ್ಕ ಬೇರೆ ಹೇಳುತ್ತದೆ. ಎರಡು ಸೈಟುಗಳ ನಡುವೆ ಅರ್ಧ ಮೀಟರು ಅಂತರವಿದೆಯೆಂದು ಇಟ್ಟುಕೊಳ್ಳೋಣ. ಮುಂದಿನ ಮೊನೆ ಒಂದು ಮಿಲಿಮೀಟರು ಪಕ್ಕಕ್ಕೆ ಸರಿದರೆ, 100 ಮೀಟರಿನಲ್ಲಿ ಗುಂಡು 20 ಸೆಂಟಿಮೀಟರು ಆಚೆ ಬೀಳುತ್ತದೆ. ಅದೇ, ಸೈಟುಗಳು ಸರಿಯಾಗಿದ್ದು ಇಡೀ ಕೋವಿಯೇ ಒಂದು ಮಿಲಿಮೀಟರು ಸಮಾನಾಂತರವಾಗಿ ಸರಿದರೆ ಗುಂಡೂ ಒಂದೇ ಮಿಲಿಮೀಟರು ಸರಿಯುತ್ತದೆ. ಆದುದರಿಂದ ಕಣ್ಣು ನೆಡಬೇಕಾದುದು ಮೂತಿಯ ಮೊನೆಯ ಮೇಲೆ. ಗುರಿ ಮಸುಕಾಗಿಯೇ ಕಾಣಬೇಕು. ‘ಹಕ್ಕಿ ಮಬ್ಬುಮಬ್ಬಾಗಿದೆ ಆಚಾರ್ಯ, ಬಾಣದ ಮೊನೆ ಮಾತ್ರ ನಿಚ್ಚಳವಾಗಿದೆ’ ಎನ್ನುವ ಶಿಷ್ಯನೇ ಇಲ್ಲಿ ಉತ್ತೀರ್ಣ.

ಇಷ್ಟನ್ನು ಹೇಳಿ, ಅದರ ಕಾರಣವನ್ನು ಸುಣ್ಣದ ಕಡ್ಡಿಯಿಂದ ಹಲಗೆಯ ಮೇಲೆ ಎರಡು ಗೆರೆ ಎಳೆದು ತೋರಿಸುವುದಕ್ಕೆ ಹತ್ತು ನಿಮಿಷ ಸಾಕು. ‘ಗುರಿಯನ್ನು ಚೆನ್ನಾಗಿ ನೋಡು’ ಎಂದು ಕೂಗುವುದು ಮಾತ್ರ ಶಿಷ್ಯನನ್ನು ತಪ್ಪುದಾರಿಗೆ ಎಳೆಯುತ್ತದೆ. ದೂರದರ್ಶಕದ ಕೊಳವೆಯನ್ನೋ ಕೆಂಪು ಚುಕ್ಕೆಯ ಸೈಟನ್ನೋ ಅಳವಡಿಸಿದ ಹೊಸ ಬಂದೂಕುಗಳಲ್ಲಿ ಗುರುತೂ ಗುರಿಯೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವುದರಿಂದ, ಅಲ್ಲಿ ಅರ್ಜುನನು ಮತ್ತೆ ಸರಿಯಾಗುತ್ತಾನೆಂಬುದನ್ನೂ ಹೇಳಬೇಕು. ಉಪಕರಣ ಬದಲಾದಾಗ ಪಾಠವೂ ಬದಲಾಗಬೇಕು. ಹಳೆಯ ಪಾಠವನ್ನೇ ಹೊಸ ಕೋವಿಗೆ ಒಪ್ಪಿಸುವ ಶಿಬಿರಗಳು ಕಡಿಮೆಯಲ್ಲ.

ಯಾವ ಕಣ್ಣಿನಿಂದ ನೋಡಬೇಕೆಂಬುದೂ ಒಂದು ಪ್ರಶ್ನೆಯೇ. ಬಲಗೈಯವರಲ್ಲಿ ಕೆಲವರಿಗೆ ಎಡಗಣ್ಣು ಪ್ರಬಲ. ಎರಡು ಅಂಗೈಗಳನ್ನು ಮುಂದಕ್ಕೆ ಚಾಚಿ ನಡುವೆ ಚಿಕ್ಕದೊಂದು ಕಿಂಡಿ ಮಾಡಿ, ಎರಡು ಕಣ್ಣುಗಳನ್ನೂ ತೆರೆದು ದೂರದ ಕಂಬವನ್ನು ಅದರೊಳಗೆ ಹಿಡಿಯಿರಿ. ಒಂದೊಂದಾಗಿ ಕಣ್ಣು ಮುಚ್ಚಿದಾಗ ಯಾವ ಕಣ್ಣಿಗೆ ಕಂಬ ಉಳಿಯುವುದೋ ಅದೇ ಪ್ರಬಲವಾದುದು. ಇದನ್ನು ಮೊದಲ ದಿನವೇ ನೋಡದೆ, ತಿಂಗಳುಗಟ್ಟಲೆ ‘ದಡ್ಡ’ನೆನ್ನಿಸಿಕೊಂಡ ಮಕ್ಕಳುಂಟು.

ಗುಂಡಿಲ್ಲದ ಅಭ್ಯಾಸ

ಬಂದೂಕಿನ ವಿದ್ಯೆಯ ಹೆಚ್ಚಿನ ಪಾಲು ಗುಂಡಿಲ್ಲದೆಯೇ ಬರುವಂಥದು ಎಂದರೆ ಓದುಗರು ನಂಬಲಿಕ್ಕಿಲ್ಲ. ಹಳೆಯ ಕಾಲದ ಬೋಧಕರು ಇದನ್ನು ಬಲ್ಲವರಾಗಿದ್ದರು. ಅವರ ‘ತಪ್ಪಿನ ತ್ರಿಕೋಣ’ವೆಂಬ ಅಭ್ಯಾಸವನ್ನು ಹತ್ತಿರದಿಂದ ನೋಡುವುದು ಉಚಿತ.

ಮರಳಿನ ಚೀಲದ ಮೇಲೆ ಖಾಲಿ ರೈಫಲನ್ನು ಅಲುಗದಂತೆ ಇಡುತ್ತಾರೆ. ಎದುರಿನ ಗೋಡೆಗೆ ಬಿಳಿಯ ಕಾಗದ. ಅದರ ಪಕ್ಕದಲ್ಲಿ, ನಡುವೆ ಸೂಜಿಯ ರಂಧ್ರವಿರುವ ಕಪ್ಪು ಬಿಲ್ಲೆಯನ್ನು ಹಿಡಿದ ಜೊತೆಗಾರ. ಶಿಷ್ಯನು ಕೋವಿಯನ್ನು ಮುಟ್ಟದೆ, ಸೈಟಿನ ಮೂಲಕ ನೋಡುತ್ತ, ‘ಎಡಕ್ಕೆ, ಇನ್ನೂ ಕೊಂಚ, ಮೇಲೆ, ನಿಲ್ಲು’ ಎಂದು ಬಿಲ್ಲೆಯನ್ನು ಸರಿಸುತ್ತಾನೆ. ಸರಿಯಾಯಿತೆಂದಾಗ ಜೊತೆಗಾರನು ರಂಧ್ರದಲ್ಲಿ ಪೆನ್ಸಿಲಿನ ಮೊನೆಯಿಟ್ಟು ಚುಕ್ಕೆ ಹಾಕುತ್ತಾನೆ. ಹೀಗೆ ಮೂರು ಸಲ. ಮೂರು ಚುಕ್ಕೆಗಳನ್ನು ಕೂಡಿಸಿದರೆ ತ್ರಿಕೋಣ.

ತ್ರಿಕೋಣ ಕಡಲೆಕಾಳಿನಷ್ಟಿದ್ದರೆ ಕಣ್ಣು ಪ್ರತಿಸಲವೂ ಒಂದೇ ರೀತಿಯಲ್ಲಿ ನೋಡುತ್ತಿದೆಯೆಂದರ್ಥ. ಹುಣಿಸೆ ಬೀಜಕ್ಕಿಂತ ದೊಡ್ಡದಾದರೆ ನೋಟವೇ ಚಂಚಲ. ಒಂದು ಗುಂಡೂ ಖರ್ಚಾಗಲಿಲ್ಲ, ಸದ್ದಿನ ಭಯವಿಲ್ಲ, ಕೈಯ ನಡುಕದ ನೆವವೂ ಇಲ್ಲ. ದೋಷ ಕಣ್ಣಿನದೋ ಬೆರಳಿನದೋ ಎಂಬುದು ಬೇರ್ಪಟ್ಟು ನಿಲ್ಲುತ್ತದೆ. ಬೋಧನೆಯೆಂದರೆ ಇದು.

ಬೆರಳಿಗೆ ಬೇರೆ ಅಭ್ಯಾಸ. ಖಾಲಿ ಕೋವಿಯ ನಳಿಗೆಯ ಮೇಲೆ, ಮೂತಿಯ ಬಳಿ ಒಂದು ರೂಪಾಯಿಯ ನಾಣ್ಯವನ್ನಿಟ್ಟು ಟ್ರಿಗರ್ ಒತ್ತಬೇಕು. ‘ಟಕ್’ ಎಂದಾಗ ನಾಣ್ಯ ಬೀಳಕೂಡದು. ಮೊದಲ ಹತ್ತು ಸಲ ಎಲ್ಲರ ನಾಣ್ಯವೂ ಉರುಳುತ್ತದೆ. ಬೆರಳಿನ ಸೆಳೆತವನ್ನು ಹೆಚ್ಚೆಚ್ಚಾಗಿಸುತ್ತ, ಯಾವ ಕ್ಷಣ ಬಿಡುಗಡೆಯಾಯಿತೆಂದು ತನಗೇ ತಿಳಿಯದ ಹಾಗೆ ಒತ್ತುವುದನ್ನು ಶಿಷ್ಯನು ಆ ನಾಣ್ಯದಿಂದ ಕಲಿಯುತ್ತಾನೆ, ಉಪನ್ಯಾಸದಿಂದಲ್ಲ.

ಭಯ ಹಿಡಿಯುವುದಕ್ಕೆ ಇನ್ನೊಂದು ಉಪಾಯವುಂಟು. ನಿಜವಾದ ತೋಟೆಗಳ ನಡುವೆ ಶಿಷ್ಯನಿಗೆ ತಿಳಿಯದಂತೆ ಒಂದೆರಡು ಪೊಳ್ಳು ತೋಟೆಗಳನ್ನು ಬೆರೆಸುತ್ತಾರೆ. ಪೊಳ್ಳು ತೋಟೆಯ ಸರದಿ ಬಂದಾಗ ಸ್ಫೋಟವಿಲ್ಲ, ಒದೆತವಿಲ್ಲ. ಆದರೂ ಭಯಗ್ರಸ್ತನ ನಳಿಗೆ ಧಡಕ್ಕನೆ ತಗ್ಗುತ್ತದೆ. ಅದನ್ನು ಅವನ ಕಣ್ಣೇ ಕಾಣುತ್ತದೆ. ಬೇರೆಯವರು ನೂರು ಸಲ ಹೇಳಿದರೂ ಒಪ್ಪದವನು ಇದೊಂದಕ್ಕೆ ಒಪ್ಪಿ ನಗುತ್ತಾನೆ. ನಕ್ಕ ಮೇಲೆ ಭಯ ಅರ್ಧ ಇಳಿಯುತ್ತದೆ.

ಭಂಗಿಯ ವಿಷಯದಲ್ಲಿಯೂ ಹೀಗೆಯೇ. ಗುರಿಗೆ ಹಿಡಿದು ಕಣ್ಣು ಮುಚ್ಚಿ, ಎರಡು ಸಲ ಉಸಿರಾಡಿ, ಕಣ್ಣು ತೆರೆದಾಗ ಮೊನೆ ಪಕ್ಕಕ್ಕೆ ಸರಿದಿದ್ದರೆ, ಕೋವಿಯನ್ನು ತೋಳಿನಿಂದ ಎಳೆದು ತರಬಾರದು. ಸೊಂಟವನ್ನೇ ಸರಿಸಿ ಇಡೀ ದೇಹವನ್ನು ತಿರುಗಿಸಬೇಕು. ಬಲವಂತದಿಂದ ತಂದ ಗುರಿ ಬೆರಳು ಅಲುಗಿದೊಡನೆ ತನ್ನ ಸಹಜವಾದ ನೆಲೆಗೆ ಹಿಂದಿರುಗುತ್ತದೆ. ಒಳ್ಳೆಯ ಉಸ್ತಾದನು ಶಿಷ್ಯನು ಗುಂಡು ಹಾರಿಸುವಾಗ ಕಾಗದವನ್ನು ನೋಡುವುದಿಲ್ಲ, ಅವನ ಬೆರಳನ್ನೂ ರೆಪ್ಪೆಯನ್ನೂ ಭುಜವನ್ನೂ ನೋಡುತ್ತಾನೆ.

ಕಾಗದ ಹೇಳುವ ಮಾತು

ಐದು ರಂಧ್ರಗಳಲ್ಲಿ ಎಷ್ಟು ನಡುವೆ ಬಿದ್ದವೆಂದು ಎಣಿಸುವುದು ಒಂದು ಬಗೆಯ ಓದು. ಐದೂ ಎಷ್ಟು ಒತ್ತಾಗಿ ಬಿದ್ದವೆಂದು ನೋಡುವುದು ಇನ್ನೊಂದು ಬಗೆ. ಶಿಬಿರದ ಭಾಷೆಯಲ್ಲಿ ಇದು ‘ಗ್ರೂಪಿಂಗ್’. ಐದೂ ಗುಂಡುಗಳು ಎಡಮೂಲೆಯಲ್ಲಿ ಒಂದು ರೂಪಾಯಿಯ ಅಗಲದಲ್ಲಿ ಬಿದ್ದ ಹುಡುಗಿಗೆ ಅಂಕದ ವಹಿಯಲ್ಲಿ ಸೊನ್ನೆ. ನಿಜದಲ್ಲಿ ಅವಳೇ ಉತ್ತಮ ಶಿಷ್ಯೆ. ಸೈಟನ್ನು ಕೊಂಚ ತಿರುಗಿಸಿದರೆ ಐದೂ ನಡುವಿಗೆ ಬರುತ್ತವೆ. ಕಾಗದದ ತುಂಬ ಚೆದುರಿ, ಅದೃಷ್ಟದಿಂದ ಎರಡು ನಡುವೆ ಬಿದ್ದವನಿಗೆ ಇನ್ನೂ ಏನೂ ಬಂದಿಲ್ಲ. ನಮ್ಮ ಎನ್.ಸಿ.ಸಿ.ಯ ಪಾಠಪಟ್ಟಿಯಲ್ಲಿಯೂ ಗ್ರೂಪಿಂಗಿಗೆ ಸ್ಥಾನವಿದೆ. ಆದರೆ ಅವಸರದ ದಿನ ವಹಿಗೆ ಸೇರುವುದು ಅಂಕವೇ.

ಇದಕ್ಕಿಂತಲೂ ಉಪಯುಕ್ತವಾದ ಒಂದು ಪದ್ಧತಿಯಿದೆ: ಗುಂಡು ಹಾರಿದೊಡನೆ, ಕಾಗದವನ್ನು ನೋಡುವ ಮುನ್ನ, ಅದು ಎಲ್ಲಿಗೆ ಹೋಯಿತೆಂದು ಶಿಷ್ಯನೇ ಹೇಳಬೇಕು. ‘ಎರಡು ಗಂಟೆಯ ಕಡೆಗೆ, ಹೊರಗಿನ ಸುತ್ತು’ ಎಂದು ಹೇಳಿ, ಆಮೇಲೆ ಕಾಗದದೊಡನೆ ತಾಳೆ ನೋಡಬೇಕು. ಹೇಳಿದ್ದೂ ಬಿದ್ದದ್ದೂ ಹೊಂದುತ್ತಿದ್ದರೆ, ಗುರಿ ತಪ್ಪಿದ್ದರೂ ಅವನು ಕಲಿಯುತ್ತಿದ್ದಾನೆ. ಹೊಂದದಿದ್ದರೆ, ನಡುವೆ ಬಿದ್ದ ಗುಂಡೂ ಆಕಸ್ಮಿಕ.

ಪ್ರತಿ ಗುಂಡಿಗೂ ಉಸ್ತಾದರು ತಪ್ಪು ಹೇಳುತ್ತಿದ್ದರೆ ಶಿಷ್ಯನು ಬೇಗ ಸುಧಾರಿಸಿದಂತೆ ಕಾಣುತ್ತಾನೆ, ಅವರು ಸರಿದೊಡನೆ ಜಾರುತ್ತಾನೆ. ಮನಶ್ಶಾಸ್ತ್ರಜ್ಞರು 1980ರ ದಶಕದಿಂದಲೂ ಎತ್ತಿ ತೋರಿಸುತ್ತ ಬಂದಿರುವ ಅಂಶವಿದು: ಮೊದಮೊದಲು ಹೆಚ್ಚಾಗಿ, ಬರಬರುತ್ತ ವಿರಳವಾಗಿ ಸಲಹೆ ಕೊಡಬೇಕು. ಮಗುವಿಗೆ ಸೈಕಲ್ ಕಲಿಸುವ ತಂದೆ ಹಿಂದಿನ ಸೀಟನ್ನು ಬಿಡುವಂತೆ.

ನಳಿಗೆಗೆ ಕಟ್ಟಿದ ಪುಟ್ಟ ಉಪಕರಣವೊಂದು ಟ್ರಿಗರ್ ಒತ್ತುವ ಮೊದಲ ಕ್ಷಣಗಳಲ್ಲಿ ಮೂತಿ ಹೇಗೆಲ್ಲ ಅಲೆಯಿತೆಂಬುದನ್ನು ಪರದೆಯ ಮೇಲೆ ಗೆರೆಯಾಗಿ ಬರೆದು ತೋರಿಸುವ ವ್ಯವಸ್ಥೆ ಈಗ ಕ್ರೀಡಾಶಾಲೆಗಳಲ್ಲಿ ಸಾಮಾನ್ಯ. ದುಬಾರಿಯಾದರೂ ಅದ್ಭುತವಾದುದು. ಆದರೆ ತ್ರಿಕೋಣದ ಕಾಗದವನ್ನು ಮೂಲೆಗೆಸೆದ ಶಾಲೆ ಇದನ್ನು ಕೊಂಡರೂ ಅದರ ಗತಿ ಅದೇ ಆದೀತು.

ಗುಂಡಿನ ಲೆಕ್ಕ

ಎರಡು ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಕರೆದೊಯ್ದು ಒಂದೇ ದಿನ ನೂರು ಗುಂಡು ಹಾರಿಸುವುದಕ್ಕಿಂತ, ಹತ್ತು ದಿನ ಹತ್ತತ್ತು ಹಾರಿಸುವುದು ಮೇಲೆಂಬುದು ಸಂಗೀತ ಕಲಿತವರಿಗೆ ಹೇಳಬೇಕಾದ ಮಾತಲ್ಲ. ನೂರನ್ನು ಹಾರಿಸುವವನ ಭುಜ ಮೂವತ್ತಕ್ಕೇ ಸೋತಿರುತ್ತದೆ; ಉಳಿದ ಎಪ್ಪತ್ತರಲ್ಲಿ ಅವನು ಅಭ್ಯಾಸ ಮಾಡುವುದು ತಪ್ಪನ್ನು.

ಪೊಲೀಸರಿಗೆ ಗುಂಡಿನ ಅಭಾವ ನಿಜವಾದ ತೊಡಕು. 2008ರ ನವೆಂಬರ್ 26ರ ಮುಂಬಯಿ ದಾಳಿಯ ತರುವಾಯ ನೇಮಕವಾದ ರಾಮ್ ಪ್ರಧಾನ್ ಸಮಿತಿ, ಗುಂಡುಗಳ ಕೊರತೆಯಿಂದ ಪೊಲೀಸರ ಗುರಿ ಅಭ್ಯಾಸ ಕುಂಠಿತವಾಗಿದ್ದುದನ್ನು ಎತ್ತಿ ಹೇಳಿತು. ಗುಂಡು ಕಡಿಮೆಯಿದ್ದಷ್ಟೂ ಪ್ರತಿಯೊಂದರಿಂದಲೂ ಹೆಚ್ಚು ಕಲಿಯಬೇಕಾದ ಅಗತ್ಯವಿರುತ್ತದಷ್ಟೆ. ನಾಣ್ಯದ ಅಭ್ಯಾಸಕ್ಕೆ ಖಜಾನೆಯ ಮಂಜೂರಾತಿ ಬೇಕಿಲ್ಲ.

ಪೊಲೀಸಿನವನಿಗೂ ಸೈನಿಕನಿಗೂ ಕಾಗದದ ವೃತ್ತವೇ ಕೊನೆಯಲ್ಲ. ಅಮೆರಿಕದ ಸೈನ್ಯ 1950ರ ದಶಕದಲ್ಲಿ, ಗೊತ್ತಾದ ದೂರದ ಸ್ಥಿರ ವೃತ್ತಗಳನ್ನು ಬಿಟ್ಟು, ಪೊದೆಯ ಹಿಂದಿನಿಂದ ತಟ್ಟನೆ ಎದ್ದು, ತಾಗಿದರೆ ಬೀಳುವ ಮನುಷ್ಯಾಕಾರದ ಹಲಗೆಗಳಿಗೆ ತಿರುಗಿತು. ಅಲ್ಲಿ ಹೊಡೆಯುವುದಷ್ಟೇ ಅಲ್ಲ, ಕಾಣುವುದೂ ಕಲಿಕೆಯೆನಿಸಿತು. ಪೊಲೀಸಿಗೆ ಇದಕ್ಕೂ ಮಿಗಿಲಾದ ಪಾಠವೊಂದಿದೆ, ಯಾವಾಗ ಹೊಡೆಯಬಾರದೆಂಬುದು. ಎದ್ದ ಹಲಗೆಗಳಲ್ಲಿ ಒಂದರ ಮೇಲೆ ಕಂಕುಳಲ್ಲಿ ಮಗುವನ್ನೆತ್ತಿದ ಹೆಂಗಸಿನ ಚಿತ್ರವಿದ್ದು, ಆಗ ಬೆರಳನ್ನು ತಡೆದವನಿಗೂ ಅಂಕ ಸಿಗುವಂತಿರಬೇಕು.

ಕಂಬಳವಾಡಿಯ ಹುಡುಗ

ಸಾವಕಾಶವಾಗಿ ಕಲಿಸಿದರೆ ಏನಾದೀತೆಂಬುದಕ್ಕೆ ನಾಸಿಕವೇ ಸಾಕ್ಷಿ. ನಮ್ಮ ಗಡಿಗೆ ಸಮೀಪದ ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿಯ ಸ್ವಪ್ನಿಲ್ ಕುಸಾಳೆ, ಶಿಕ್ಷಕರ ಮಗ, 2009ರಲ್ಲಿ ಮಹಾರಾಷ್ಟ್ರ ಸರ್ಕಾರದ ಕ್ರೀಡಾ ಪ್ರಬೋಧಿನಿಗೆ ಸೇರಿದನು. ಅಲ್ಲಿ ಮೊದಲ ವರ್ಷವೆಲ್ಲ ಬಂದೂಕಿಲ್ಲ, ಬರಿಯ ದೇಹಶಿಕ್ಷಣ. ಅದಾದ ಮೇಲೆಯೇ ಕ್ರೀಡೆಯ ಆಯ್ಕೆ. ನಾಸಿಕದಲ್ಲಿದ್ದು ಗುರಿವಿದ್ಯೆಯ ಮೊದಲ ಪಾಠಗಳನ್ನು ಕಲಿತು, 2015ರಲ್ಲಿ ಮಧ್ಯ ರೈಲ್ವೆಯ ಟಿಕೆಟ್ ಕಲೆಕ್ಟರಾಗಿ, ಅಥೆನ್ಸ್ ಒಲಿಂಪಿಕ್ಸಿನಲ್ಲಿ ಭಾಗವಹಿಸಿದ್ದ ದೀಪಾಲಿ ದೇಶಪಾಂಡೆಯವರ ಶಿಷ್ಯನಾಗಿ ಬೆಳೆದನು.

2024ರ ಆಗಸ್ಟ್ 1ರಂದು, ಪ್ಯಾರಿಸ್ ಒಲಿಂಪಿಕ್ಸಿನಲ್ಲಿ, 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆ. ಹತ್ತಂಕದ ವೃತ್ತದ ವ್ಯಾಸ 10.4 ಮಿಲಿಮೀಟರು, ಚಿಟಿಕೆಯ ಬಟನ್ನಿನಷ್ಟು. ಮಂಡಿಯೂರಿ ಹೊಡೆಯುವುದೂ ಮಲಗಿ ಹೊಡೆಯುವುದೂ ಮುಗಿದಾಗ ಅವನು ಪದಕದ ಸ್ಥಾನದಲ್ಲಿರಲಿಲ್ಲ. ಎಲ್ಲಕ್ಕಿಂತ ಕಷ್ಟವಾದ, ನಿಂತು ಹೊಡೆಯುವ ಭಂಗಿಯಲ್ಲಿ ಮೇಲೆ ಬಂದು, 451.4 ಅಂಕಗಳಿಂದ ಕಂಚಿನ ಪದಕ ಗೆದ್ದನು. ಈ ಸ್ಪರ್ಧೆಯಲ್ಲಿ ಒಲಿಂಪಿಕ್ ಪದಕ ಭಾರತಕ್ಕೆ ಅದೇ ಮೊದಲು. ಬೆಳಗಿನಿಂದ ಕಪ್ಪು ಚಹಾ ಬಿಟ್ಟರೆ ಏನನ್ನೂ ಸೇವಿಸಿರಲಿಲ್ಲವೆಂದೂ, ಅಂಕಫಲಕದ ಕಡೆಗೆ ನೋಡಲೇ ಇಲ್ಲವೆಂದೂ, ಉಸಿರಿನ ಮೇಲೆಯೇ ಗಮನವಿಟ್ಟಿದ್ದೆನೆಂದೂ ಆಮೇಲೆ ಹೇಳಿದನು.

ಅಂಕಫಲಕವನ್ನು ನೋಡದಿರುವುದು ಸ್ವಭಾವದಿಂದ ಬಂದದ್ದಲ್ಲ, ಕಲಿಸಿದ್ದರಿಂದ ಬರುವಂಥದು.

ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರರನ್ನು ಇಲ್ಲಿ ನೆನೆಯದಿರಲಾಗದು. 2004ರಲ್ಲಿ ಕೌಲಾಲಂಪುರದ ಏಷ್ಯಾ ಸ್ಪರ್ಧೆಯಲ್ಲಿ, 10 ಮೀಟರ್ ಏರ್ ರೈಫಲಿನಲ್ಲಿ, 400ಕ್ಕೆ 400 ಪಡೆದವರು ಅವರು. ಆ ಸ್ಪರ್ಧೆಯಲ್ಲಿ ಹತ್ತಂಕದ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರು. ಈ ವಾಕ್ಯದ ಕೊನೆಯ ಬಿಂದುವಿಗಿಂತ ದೊಡ್ಡದೇನಲ್ಲ. ಮುಂಬಯಿಯ ಆಚೆ ಪನವೇಲಿನಲ್ಲಿ ಅವರು ಕಟ್ಟಿದ ಶಾಲೆಯ ಹೆಸರು ‘ಲಕ್ಷ್ಯ’: ಸಂಸ್ಕೃತದಲ್ಲಿ ಗುರಿ, ಕನ್ನಡದಲ್ಲಿ ಗಮನ. ಟೋಕಿಯೋದಲ್ಲಿಯೂ ಪ್ಯಾರಿಸ್ಸಿನಲ್ಲಿಯೂ ಪ್ಯಾರಾಲಿಂಪಿಕ್ ಚಿನ್ನ ಗೆದ್ದ ಅವನಿ ಲೇಖರಾ ಸುಮಾ ಅವರ ಶಿಷ್ಯೆ.

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಈ ಚಳಿಗಾಲ ಎನ್.ಸಿ.ಸಿ. ಶಿಬಿರಕ್ಕೆ ಹೊರಟಿದ್ದರೆ, ಹೊರಡುವ ಹಿಂದಿನ ರಾತ್ರಿ ಅಂಗೈಯ ಕಿಂಡಿಯಿಂದ ಕಂಬವನ್ನು ನೋಡಿಸಿ ಯಾವ ಕಣ್ಣು ಪ್ರಬಲವೆಂದು ತಿಳಿದುಕೊಳ್ಳಿ. ಹಿಂದಿರುಗಿದಾಗ ಎಷ್ಟು ಅಂಕ ಬಂತೆಂದು ಕೇಳಬೇಡಿ. ಐದನೆಯ ಗುಂಡು ಎಲ್ಲಿಗೆ ಹೋಯಿತೆಂಬುದು ಕಾಗದ ನೋಡುವ ಮೊದಲೇ ಗೊತ್ತಿತ್ತೇ ಎಂದು ಕೇಳಿ. ಆ ತೂತುಬಿದ್ದ ಕಾಗದವನ್ನು, ಉಸ್ತಾದರ ಅಪ್ಪಣೆ ಪಡೆದು, ಮನೆಗೆ ತರುವುದಕ್ಕೂ ಹೇಳಿ.